ಎರಡನೇ ಪೋಷಕ

‘ಮಕ್ಕಳ ಮೊಬೈಲ್ ಬಳಕೆಯ ಮೇಲೆ ಪೋಷಕರು ನಿಗಾ ಇಡಬೇಕು’ ಎಂಬ ವಾಕ್ಯವನ್ನು ಎಷ್ಟು ಸಲ ಅಚ್ಚಿಗೆ ಕಳುಹಿಸಿದ್ದೇನೋ ನೆನಪಿಲ್ಲ. ಪೊಲೀಸ್ ಅಧಿಕಾರಿ ಶಾಲೆಗೆ ಹೋದರೆ ಅದನ್ನು ಹೇಳುತ್ತಾರೆ. ಮನೋವೈದ್ಯರು ಯಾವುದಾದರೂ ಸಭೆಯಲ್ಲಿ ಮಾತನಾಡಿದರೆ ಅದನ್ನೇ ಹೇಳುತ್ತಾರೆ. ವರದಿಗಾರರು ಬರೆದು ಕಳುಹಿಸುತ್ತಾರೆ, ಮಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕುಳಿತ ನಾನು ಎರಡು ಕಾಲಂ ಶೀರ್ಷಿಕೆ ಕೊಟ್ಟು ಒಳಪುಟಕ್ಕೆ ಹಾಕುತ್ತೇನೆ. ಕಳೆದ ವರ್ಷ ಫೆಬ್ರವರಿಯ ಒಂದು ಸಂಜೆ ಅಂಥದೇ ಒಂದು ವರದಿ ತಿದ್ದುತ್ತಿದ್ದಾಗ, ನನ್ನ ಮಗಳ ಟ್ಯಾಬ್‌ನಲ್ಲಿ ಏನಿದೆ ಎಂಬುದೇ ನನಗೆ ಗೊತ್ತಿಲ್ಲ ಎಂದು ಹೊಳೆಯಿತು.

ಮಗಳಿಗೆ ಆಗ ಹತ್ತು ವರ್ಷ. ಹೆಂಡತಿ ನರ್ಸ್. ಅದರ ಹಿಂದಿನ ವರ್ಷ ಗಲ್ಫ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಸುರತ್ಕಲ್‌ನ ಫ್ಲ್ಯಾಟಿನಲ್ಲಿ ನಾನು, ಮಗಳು ಮತ್ತು ನನ್ನ ತಾಯಿ ಉಳಿದೆವು. ನನ್ನ ಕೆಲಸ ಮಧ್ಯಾಹ್ನ ಮೂರಕ್ಕೆ ಶುರುವಾದರೆ ಪುಟಗಳು ಮುಗಿಯುವವರೆಗೆ ಇರುತ್ತದೆ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ನಾನು ಹೊರಟಿರುತ್ತೇನೆ, ನಾನು ಮರಳುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ನಾವಿಬ್ಬರೂ ಎಚ್ಚರವಾಗಿ ಒಂದೇ ಮನೆಯಲ್ಲಿ ಇರುವುದು ಬೆಳಿಗ್ಗೆ ಏಳರಿಂದ ಎಂಟೂಕಾಲರವರೆಗೆ. ಆ ಹೊತ್ತಿನಲ್ಲಿ ಸ್ನಾನ, ತಿಂಡಿ, ಡಬ್ಬಿ, ಕಾಣೆಯಾದ ಸಾಕ್ಸ್ ಎಲ್ಲ ಮುಗಿಯಬೇಕು. ಮಾತಿಗೆ ಹೆಚ್ಚು ಜಾಗವಿಲ್ಲ.

ಟ್ಯಾಬ್ ತಂದುಕೊಟ್ಟವಳು ಹೆಂಡತಿ. ಹೋಗುವ ಮೊದಲು ಅದರಲ್ಲಿ ಮಕ್ಕಳಿಗಾಗಿಯೇ ಮಾಡಿದ ಒಂದು ಮೆಸೇಜ್ ಆ್ಯಪ್ ಹಾಕಿದ್ದಳು. ಅದಕ್ಕೆ ಸಿಮ್ ಬೇಡ, ನಂಬರ್ ಬೇಡ. ಮಗು ಯಾರ ಜೊತೆ ಮಾತನಾಡಬೇಕೆಂದರೂ ಎರಡೂ ಮನೆಯ ಪೋಷಕರು ಒಪ್ಪಿಗೆ ಕೊಡಬೇಕು. ಮಗಳು ಸಂಜೆ ತಾಯಿಗೆ ಅದರಲ್ಲೇ ಮೆಸೇಜ್ ಮಾಡುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಒಂದು ವಾರ, ಮಗಳು ಶಾಲೆಗೆ ಹೋದ ಮೇಲೆ, ಊಟದ ಮೇಜಿನ ಮುಂದೆ ಕುಳಿತು ಟ್ಯಾಬ್ ತಡಕಾಡಿದೆ. ಹಲ್ಲಿನ ಚಕ್ರದ ಚಿತ್ರ ಒತ್ತಿದರೆ ಅಕ್ಷರದ ಬಣ್ಣ ಬದಲಿಸುವ ಪಟ್ಟಿ ಬಂತು. ಮತ್ತೊಂದು ಕಡೆ ಒತ್ತಿದರೆ ಬೆಕ್ಕಿನ ಕಿವಿ, ಕನ್ನಡಕ, ಮೀಸೆ. ಪೇರೆಂಟಲ್ ಕಂಟ್ರೋಲ್ ಎಂದು ನಾನು ನೂರಾರು ಸಲ ತಿದ್ದಿದ ಆ ಪದ ಎಲ್ಲೂ ಇರಲಿಲ್ಲ. ಕೊನೆಗೆ ಕಚೇರಿಯಲ್ಲಿ ಪುಟ ವಿನ್ಯಾಸ ಮಾಡುವ ಸಹೋದ್ಯೋಗಿಯನ್ನು ಕೇಳಿದೆ. ಅವರಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು.

“ಮಗಳ ಟ್ಯಾಬಿನಲ್ಲಿ ಹುಡುಕಿದ್ರಾ?” ಎಂದರು.

“ಮತ್ತೆಲ್ಲಿ ಹುಡುಕುವುದು?”

“ಅಯ್ಯೋ ಸರ್, ಬೀಗದ ಕೀ ಕಳ್ಳನ ಕಿಸೆಯಲ್ಲಿ ಇಡ್ತಾರಾ? ಅದು ಯಾರು ಅಕೌಂಟ್ ಮಾಡಿದ್ದೋ ಅವರ ಫೋನಿನಲ್ಲಿ ಉಂಟು. ನಿಮ್ಮ ಮಿಸೆಸ್‌ನ ಫೋನಿನಲ್ಲಿ. ನೀವು ಇಲ್ಲಿ ಕೂತು ಒಂದು ವಾರ ಎಂತ ಮಾಡಿದ್ದು ಮಾರಾಯ್ರೆ?”

ಪಕ್ಕದ ಮೇಜಿನ ಕ್ರೀಡಾಪುಟದವರು ನಕ್ಕರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಹೆಂಡತಿಗೆ ಫೋನ್ ಮಾಡಿದೆ. ನಮ್ಮ ಮನೆಮಾತು ಕೊಂಕಣಿ. ಮನೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅದನ್ನು ನಾನು ನೋಡ್ತಾ ಇದ್ದೇನಲ್ಲ,” ಎಂದಳು.

“ಏನು ನೋಡ್ತೀ?”

“ಅವಳಿಗೆ ಹೊಸ ಫ್ರೆಂಡ್ ಬೇಕಾದ್ರೆ ನನಗೆ ಬರ್ತದೆ. ಟೀ ಬ್ರೇಕಿನಲ್ಲಿ ಓಕೆ ಒತ್ತುತ್ತೇನೆ.”

“ಯಾರು, ಎಂತ ಅಂತ ವಿಚಾರಿಸದೆ?”

“ಅವಳು ನನ್ನ ಹತ್ರ ಕೇಳುವುದು ಅದೊಂದೇ. ಊಟಕ್ಕೆ ಎಂತ ಬೇಕು, ಯಾವ ಡ್ರೆಸ್ ಹಾಕ್ಬೇಕು, ಎಲ್ಲ ಅಲ್ಲೇ ಮುಗೀತದೆ. ಇದೊಂದಕ್ಕೆ ನನ್ನ ಹತ್ರ ಬರ್ತಾಳೆ. ಬೇಡ ಅಂತ ಹೇಗೆ ಹೇಳುವುದು?”

ನನ್ನನ್ನೂ ಸೇರಿಸು ಎಂದೆ. ಎರಡು ದಿನ ತೆಗೆದುಕೊಂಡಳು. ಡ್ಯೂಟಿ ಇತ್ತು ಎಂದಳು, ಕೋಡ್ ಬರಲಿಲ್ಲ ಎಂದಳು. ಮಾರ್ಚ್ ಮೊದಲ ವಾರದ ಒಂದು ಬೆಳಿಗ್ಗೆ ನನ್ನ ಫೋನಿನಲ್ಲಿ ಪೋಷಕರ ನಿಯಂತ್ರಣ ಫಲಕ ತೆರೆಯಿತು. ಮೇಲೆ ಮಗಳ ಫೋಟೋ, ಅದರ ಕೆಳಗೆ ಹೆಂಡತಿಯ ಹೆಸರು, ಅದರ ಕೆಳಗೆ ನನ್ನದು. ನನ್ನ ಹೆಸರಿನ ಎದುರು ‘ಎರಡನೇ ಪೋಷಕ’ ಎಂದು ಬರೆದಿತ್ತು. ಸಂಪರ್ಕಗಳು, ಚಟುವಟಿಕೆ, ಚಿತ್ರಗಳು, ಬಳಸುವ ಹೊತ್ತು, ಎಲ್ಲಕ್ಕೂ ಬೇರೆ ಬೇರೆ ಬಾಗಿಲು. ಹುಡುಕುವಾಗ ಇಷ್ಟು ಕಷ್ಟವಾದದ್ದು ಸಿಕ್ಕಿದ ಮೇಲೆ ಬಹಳ ಸುಲಭವಾಗಿತ್ತು.

ಸಂಪರ್ಕಗಳ ಪಟ್ಟಿ ಚಿಕ್ಕದು. ತಾಯಿ, ಹೆಂಡತಿಯ ಅಕ್ಕನ ಮಕ್ಕಳು, ಕ್ಲಾಸಿನ ಇಬ್ಬರು, ಕೊನೆಯಲ್ಲಿ ಇನ್ನೊಬ್ಬ ಹುಡುಗಿ. ಪ್ರತಿ ಹೆಸರನ್ನು ಒತ್ತಿದರೆ ಆ ಮನೆಯ ಪೋಷಕರು ಯಾರೆಂದು ತೋರಿಸುತ್ತಿತ್ತು. ಕೊನೆಯ ಹುಡುಗಿಯ ಪೋಷಕಿಯ ಫೋಟೋದಲ್ಲಿ ಕಪ್ಪು ಕನ್ನಡಕ ಹಾಕಿದ, ಹತ್ತೊಂಬತ್ತೋ ಇಪ್ಪತ್ತೋ ವರ್ಷದ ಒಬ್ಬಳು ಪಣಂಬೂರು ಬೀಚಿನಲ್ಲಿ ನಿಂತಿದ್ದಳು. ಹತ್ತು ವರ್ಷದ ಮಗುವಿನ ತಾಯಿ ಅವಳಾಗಿರಲು ಸಾಧ್ಯವಿರಲಿಲ್ಲ. ಶಾಲೆಯ ಬಸ್ಸಿನ ಮಕ್ಕಳ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಆ ಹೆಸರಿನ ಹುಡುಗಿ ಅದರಲ್ಲಿ ಇದ್ದಳು, ಪಕ್ಕದ ಸೆಕ್ಷನ್, ಮನೆ ಕಾಟಿಪಳ್ಳ. ತಾಯಿಯ ಹೆಸರು ಆ್ಯಪ್‌ನಲ್ಲಿದ್ದದ್ದಲ್ಲ, ಬೇರೆ. ನಂಬರ್ ಕೂಡ ಇತ್ತು.

ಚಟುವಟಿಕೆಯ ಬಾಗಿಲು ತೆರೆದೆ. ಹೊಸ ಮೆಸೇಜುಗಳು ಮೇಲೆ ಇದ್ದವು. ಎಂಟು ಹತ್ತು ಸಾಲು ಓದಿದೆ. ಆ ಹುಡುಗಿಯ ಒಂದು ಸಾಲು ಹೀಗಿತ್ತು: ‘ನನ್ನ ಹತ್ರ ಫೋನ್ ಉಂಟು ಅಂತ ಯಾರಿಗೂ ಹೇಳ್ಬೇಡ ಆಯ್ತಾ. ನಿನ್ನ ಪಪ್ಪನಿಗೂ.’

ಇಂಥ ಸಾಲುಗಳನ್ನು ನಾನು ಆರೋಪಪಟ್ಟಿಗಳ ವರದಿಯಲ್ಲಿ ಓದಿದವನು. ಮಗುವಿನ ಹೆಸರಿನ ಹಿಂದೆ ಯಾರೋ ಇದ್ದಾರೆ ಎಂದುಕೊಂಡೆ. ಮುಂದೆ ಓದಲಿಲ್ಲ. ಖಚಿತವಾಗುವವರೆಗೆ ಸುದ್ದಿಯನ್ನು ತಡೆದಿಡುವುದು ಡೆಸ್ಕಿನ ಕ್ರಮ. ಆ ಆ್ಯಪ್‌ನಲ್ಲಿ ತಡೆದಿಡುವ ಬಟನ್ ಇರಲಿಲ್ಲ, ತೆಗೆದುಹಾಕುವುದು ಇತ್ತು. ತೆಗೆದುಹಾಕಿದೆ. ಆಮೇಲೆ ಬಸ್ ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಹತ್ತೂವರೆ ಆಗಿತ್ತು.

ಆ ಕಡೆ ಒಬ್ಬ ಹೆಂಗಸು ಹಲೋ ಎಂದರು. ನಾನು ನನ್ನ ಹೆಸರು ಹೇಳಿ, ಹಿಂದೆಯೇ ಪತ್ರಿಕೆಯ ಹೆಸರು ಹೇಳಿ, “ಅಲ್ಲಿಂದ ಮಾತಾಡ್ತಾ ಇದ್ದೇನೆ” ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಗುರುತಿಲ್ಲದವರಿಗೆ ಫೋನ್ ಮಾಡಿದಾಗಲೆಲ್ಲ ನನ್ನ ಬಾಯಿಂದ ಮೊದಲು ಬರುವ ವಾಕ್ಯ ಅದು. ಸ್ಪಷ್ಟೀಕರಣ ಕೇಳುವವರು ತಾವು ಯಾರೆಂದು ಮೊದಲು ಹೇಳಬೇಕು ಎಂದು ಹೊಸಬರಿಗೆ ಕಲಿಸುವವನೂ ನಾನೇ. ಅದೇ ಧ್ವನಿಯಲ್ಲಿ ಮುಂದುವರಿಸಿದೆ. “ನಿಮ್ಮ ಮಗಳ ಹೆಸರಿನಲ್ಲಿ ಒಂದು ಫೋನಿನಿಂದ ಮೆಸೇಜ್‌ಗಳು ಹೋಗ್ತಾ ಉಂಟು. ಅದು ನಿಮಗೆ ಗೊತ್ತುಂಟಾ ಅಂತ ಕೇಳ್ಳಿಕ್ಕೆ ಮಾಡಿದ್ದು.”

“ಯಾವ ಫೋನು ಸರ್?” ಎಂದರು. ಆಮೇಲೆ, “ಪೇಪರಿನವರಾ? ಪೇಪರಿಗೆ ಎಂತ ಬಂದಿದೆ ಸರ್?”

ಆಗಲೇ ನನಗೆ ತಿಳಿಯಬೇಕಿತ್ತು. ನಾನು ಹುಡುಗಿಯ ಸ್ನೇಹಿತೆಯ ತಂದೆ ಎಂದು ಎರಡನೇ ವಾಕ್ಯದಲ್ಲಿ ಹೇಳಿದ್ದರೂ ಆಗುತ್ತಿತ್ತು. ಹೇಳಿದ್ದು ಐದನೆಯದೋ ಆರನೆಯದೋ ವಾಕ್ಯದಲ್ಲಿ. ಅಷ್ಟರಲ್ಲಿ ಅವರು ಫೋನಿನಿಂದ ಮುಖ ತಿರುಗಿಸಿ ಒಳಗೆ ಯಾರನ್ನೋ ಇಲ್ಲಿನ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಕರೆಯುತ್ತಿದ್ದರು. ಲೈನ್ ಕಡಿಯಿತು. ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು.

ಹುಡುಗಿ, ಫೋನು, ಮೆಸೇಜು: ಈ ಊರಿನ ಪತ್ರಿಕೆಗಳಲ್ಲಿ ಈ ಮೂರು ಪದಗಳು ಒಂದೇ ಸುದ್ದಿಯಲ್ಲಿ ಬಂದರೆ ಆ ಮನೆಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೆಲವು ಮನೆಗಳಿಗೆ ಇನ್ನೂ ಹೆಚ್ಚು ಚೆನ್ನಾಗಿ ಗೊತ್ತು. ಅಂಥ ಪುಟಗಳಿಗೆ ಶೀರ್ಷಿಕೆ ಕೊಟ್ಟವರಲ್ಲಿ ನಾನೂ ಒಬ್ಬ.

ಕಚೇರಿಗೆ ಹೋಗುವ ಮಧ್ಯಾಹ್ನದ ಬಸ್ಸಿಗೆ ಇನ್ನೂ ಸಮಯವಿತ್ತು. ಮೇಜಿನ ಮುಂದೆ ಕುಳಿತು ಆ ಇಬ್ಬರು ಮಕ್ಕಳ ಮೆಸೇಜುಗಳನ್ನು ಮೊದಲಿನಿಂದ ಓದಿದೆ. ಸಂಪರ್ಕ ತೆಗೆದರೂ ಹಳೆಯ ಮಾತುಗಳು ಫಲಕದಲ್ಲಿ ಉಳಿದಿದ್ದವು. ಕನ್ನಡ, ನಡುವೆ ತುಳು, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ.

ಮೊದಲನೆಯದು ಜಡೆಯ ವಿಷಯ. ಮಗಳು ಬರೆದಿದ್ದಳು: ಅಜ್ಜಿಗೆ ಬೆರಳು ಬಗ್ಗುವುದಿಲ್ಲ, ಜಡೆ ಲೂಸ್ ಆಗ್ತದೆ, ಬಸ್ಸಿನಲ್ಲಿ ನಗಾಡ್ತಾರೆ. ಆ ಹುಡುಗಿ ಚಿತ್ರಗಳನ್ನು ಕಳುಹಿಸಿದ್ದಳು. ತನ್ನದೇ ತಲೆ, ಹಿಂದಿನಿಂದ ತೆಗೆದದ್ದು. ಮೂರು ಎಳೆ, ಯಾವುದು ಯಾವುದರ ಮೇಲೆ ಹೋಗಬೇಕೆಂದು ಬಾಣದ ಗುರುತು. ಫೋಟೋ ತೆಗೆದ ಅವಳ ಅಕ್ಕನ ಬೆರಳು ಒಂದು ಮೂಲೆಯಲ್ಲಿ ಬಿದ್ದಿತ್ತು. ‘ಕನ್ನಡಿ ನೋಡ್ಬೇಡ. ಕನ್ನಡಿಯಲ್ಲಿ ಉಲ್ಟಾ ಆಗ್ತದೆ. ಕಣ್ಣು ಮುಚ್ಚಿ ಮಾಡು.’ ಡಿಸೆಂಬರಿನಿಂದ ಮಗಳ ಜಡೆ ಬಿಗಿಯಾಗಿ, ನೇರವಾಗಿ ಬರುತ್ತಿದ್ದುದನ್ನು ನಾನು ಗಮನಿಸಿದ್ದೆ. ನನ್ನ ತಾಯಿ ಹಾಕುತ್ತಾರೆ ಎಂದುಕೊಂಡಿದ್ದೆ.

ಇನ್ನೊಂದು ಕಡೆ ಮಗಳು ಬರೆದಿದ್ದಳು: ‘ಮಮ್ಮಿಯ ತಲೆದಿಂಬಿನ ಕವರ್ ಒಗೀಲಿಕ್ಕೆ ಕೊಡ್ಲಿಲ್ಲ. ಅಡಗಿಸಿ ಇಟ್ಟಿದ್ದೇನೆ. ಈಗ ವಾಸನೆ ಹೋಗಿದೆ.’

ಉತ್ತರ: ‘ನನ್ನ ಉಮ್ಮನಿಗೆ ಬೂತಾಯಿ ಮೀನಿನ ವಾಸನೆ. ಬೇಕಾದ್ರೆ ಕಳಿಸ್ತೇನೆ.’

ಅದರ ಕೆಳಗೆ ಮಗಳು ಸಾಲು ಸಾಲು ನಗುವ ಮುಖಗಳನ್ನು ಹಾಕಿದ್ದಳು. ತಾಯಿ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಳು ಗಂಭೀರ ಸ್ವಭಾವದವಳು ಎಂದು ಬಂಧುಗಳ ಹತ್ತಿರ ಹೇಳುತ್ತಿದ್ದೆ.

ಫೋನಿನ ಗುಟ್ಟಿನ ಕಾರಣವೂ ಅಲ್ಲೇ ಇತ್ತು. ಆ ಮನೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಮಕ್ಕಳಿಗೆ ಫೋನಿಲ್ಲ. ಕಾಲೇಜಿಗೆ ಹೋಗುವ ಅಕ್ಕ ತನ್ನ ಹಳೆಯ ಫೋನಿನಲ್ಲಿ ಪೋಷಕಿಯಾಗಿ ತನ್ನ ಹೆಸರು ಕೊಟ್ಟು ಇದನ್ನು ಮಾಡಿಕೊಟ್ಟಿದ್ದಳು. ‘ನಿನ್ನ ಮಮ್ಮಿ ಊರಲ್ಲಿಲ್ಲ ಅಂತ ಅಕ್ಕನಿಗೆ ಹೇಳಿದೆ. ಹಾಗೆ ಮಾಡಿ ಕೊಟ್ಳು. ಸಂಜೆ ಅರ್ಧ ಗಂಟೆ ಮಾತ್ರ.’ ಗುಟ್ಟು ಇದ್ದದ್ದು ಅಷ್ಟೇ.

ಸಂಜೆ ಕಚೇರಿಯಲ್ಲಿ ಆ ಸಹೋದ್ಯೋಗಿ ಕೇಳಿದರು. “ಸಿಕ್ಕಿತಾ ಸರ್ ಕಂಟ್ರೋಲು?” ನಡೆದದ್ದನ್ನು ಹೇಳಿದೆ. ಅವರು ಕಂಪ್ಯೂಟರಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

“ಆ ಮನೆಯ ವರ್ಶನ್ ತೆಗೊಂಡ್ರಿ. ಮಗಳ ವರ್ಶನ್ ತೆಗೊಂಡ್ರಾ?”

ಸಂಬಂಧಪಟ್ಟವರ ಹೇಳಿಕೆಗೆ ನಮ್ಮಲ್ಲಿ ವರ್ಶನ್ ಎನ್ನುತ್ತೇವೆ. ಅದಿಲ್ಲದ ವರದಿಯನ್ನು ವಾಪಸ್ ಕಳುಹಿಸುವುದು ನನ್ನ ಕೆಲಸ.

“ಶಾಲೆಯಲ್ಲಿದ್ದಳು,” ಎಂದೆ.

“ಸಂಜೆ ಬರ್ತಿದ್ಳಲ್ಲ ಸರ್,” ಎಂದು ಅವರು ಪುಟಕ್ಕೆ ಮರಳಿದರು.

ಮರುದಿನ ಬೆಳಿಗ್ಗೆ ಮಗಳು ತಿಂಡಿಯ ಮುಂದೆ ಕುಳಿತಿದ್ದಳು. ನಾನು ತೆಗೆದುಹಾಕಿದ್ದನ್ನು ಆ್ಯಪ್ ಅವಳಿಗೆ ತಿಳಿಸಿತ್ತು: ‘ನಿಮ್ಮ ಪೋಷಕರು ಈ ಸಂಪರ್ಕವನ್ನು ತೆಗೆದಿದ್ದಾರೆ.’ ಅವಳು ಹಿಂದಿನ ಸಂಜೆಯೇ ತಾಯಿಗೆ ಮೆಸೇಜ್ ಮಾಡಿ, ತೆಗೆದದ್ದು ಯಾರು ಎಂದು ಕೇಳಿ ತಿಳಿದುಕೊಂಡಿದ್ದಳು. ನಾನು ಫೋನ್ ಮಾಡಿದ್ದನ್ನು ಕೇಳಿಸಿಕೊಂಡಿದ್ದ ಅಜ್ಜಿ ಅದನ್ನೂ ಅವಳಿಗೆ ಹೇಳಿದ್ದರು.

“ಪಪ್ಪ, ನೀವು ಅವಳ ಮನೆಗೆ ಫೋನ್ ಮಾಡಿದ್ರಾ?”

“ಮಾಡಿದೆ. ಯಾರೋ ದೊಡ್ಡವರು ಇರ್ಬಹುದು ಅಂತ—”

“ಅವಳು ದಿನಾಲೂ ಬಸ್ಸಿನಲ್ಲಿ ನನ್ನ ಪಕ್ಕ ಕೂತ್ಕೊಳ್ತಾಳೆ.”

ತಪ್ಪಾಯಿತು, ಸರಿ ಮಾಡ್ತೇನೆ ಎಂದೆ. ಅವಳು ತಟ್ಟೆ ಎತ್ತಿ ಸಿಂಕಿನಲ್ಲಿಟ್ಟಳು. “ಓದಿದ್ರಾ?” ಎಂದು ಕೇಳಿದಳು, ಬೆನ್ನು ಹಾಕಿಕೊಂಡೇ.

“ಓದಿದೆ.”

“ಎಲ್ಲ?”

ಎಲ್ಲ, ಎಂದೆ. ಸುಳ್ಳು ಹೇಳಬಹುದಿತ್ತು. ಅವಳು ತಲೆ ಅಲ್ಲಾಡಿಸಿ ಶೂ ಹಾಕಿಕೊಳ್ಳಲು ಹೋದಳು. ಅಂದು ಆ ಹುಡುಗಿ ಬಸ್ಸಿಗೆ ಬರಲಿಲ್ಲ ಎಂದು ಮಾರನೇ ದಿನ ನನ್ನ ತಾಯಿಯಿಂದ ತಿಳಿಯಿತು.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಅದೇ ಪುಟದ ಕೆಳಗೆ ‘ತಿದ್ದುಪಡಿ’ ಎಂದು ನಾಲ್ಕು ಸಾಲು ಹಾಕುತ್ತೇವೆ. ತಪ್ಪು ಓದಿದವರು ತಿದ್ದುಪಡಿಯನ್ನೂ ಓದುತ್ತಾರೆ ಎಂಬ ನಂಬಿಕೆ ಯಾರಿಗೂ ಇಲ್ಲ. ಆದರೂ ಹಾಕುತ್ತೇವೆ. ಆ ವಾರದ ನನ್ನ ರಜೆಯ ದಿನ ಕಾಟಿಪಳ್ಳದ ಬಸ್ ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹುಡುಗಿಯ ತಂದೆ ಪಣಂಬೂರಿನಲ್ಲಿ ಬಂದರಿನ ಕೆಲಸದವರು, ಬೆಳಿಗ್ಗೆಯ ಪಾಳಿ ಮುಗಿಸಿ ಮನೆಯಲ್ಲಿದ್ದರು. ಬಾಗಿಲು ತೆರೆದು ನನ್ನ ಕೈಯನ್ನು ನೋಡಿದರು. ಕ್ಯಾಮೆರಾ ಇದೆಯೇ ಎಂದು ನೋಡಿದರು ಎಂದು ಆಮೇಲೆ ನನಗೆ ಅನಿಸಿತು.

ನಾನು ಮಗಳ ತಂದೆಯಾಗಿ ಬಂದಿದ್ದೇನೆ, ಪತ್ರಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಕುಳ್ಳಿರಿಸಿದರು. ತಾಯಿ ನಿಂಬೆ ಶರಬತ್ತು ತಂದಿಟ್ಟು ಬಾಗಿಲ ಹತ್ತಿರ ನಿಂತರು. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಜಡೆಯ ಚಿತ್ರಗಳ ವಿಷಯವನ್ನೂ ಹೇಳಿದೆ. ಮಗು ತಪ್ಪು ಮಾಡಿಲ್ಲ, ಉಪಕಾರ ಮಾಡಿದೆ ಎಂದೆ.

“ನೀವು ಒಳ್ಳೆಯದಕ್ಕೇ ಫೋನ್ ಮಾಡಿದ್ದು ಸರ್,” ಎಂದರು ತಂದೆ. “ನಮಗೆ ಗೊತ್ತೇ ಇರ್ಲಿಲ್ಲ. ಗೊತ್ತಾದದ್ದು ಒಳ್ಳೆಯದಾಯ್ತು.”

“ಹುಡುಗಿ ಎಲ್ಲಿ?”

“ಉಳ್ಳಾಲದಲ್ಲಿ. ನನ್ನ ತಂಗಿಯ ಮನೆ. ಪರೀಕ್ಷೆಗೆ ಅಲ್ಲಿಂದಲೇ ಬಿಡ್ತೇವೆ.”

ಉಳ್ಳಾಲದಿಂದ ಸುರತ್ಕಲ್‌ಗೆ ಬಂದು ಪರೀಕ್ಷೆ ಬರೆಯುವುದೆಂದರೆ ಮಗುವಿಗೆ ಎರಡು ಬಸ್ಸು, ಎರಡು ಸೇತುವೆ.

“ಪೇಪರಿಗೆ ಬರುವುದಿಲ್ಲ ಅಲ್ವಾ?” ಎಂದು ಕೇಳಿದರು.

“ಇಲ್ಲ. ಖಂಡಿತ ಇಲ್ಲ.”

“ಹೆಸರು ಹಾಕದೆ ಕೂಡ?”

“ಯಾವ ರೀತಿಯಲ್ಲೂ ಇಲ್ಲ.”

ಅವರು ತಲೆಯಾಡಿಸಿದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ತಾಯಿ ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರು. ನನ್ನ ಉತ್ತರವನ್ನು ಅವರು ನಂಬಲಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ. ಅಕ್ಕನನ್ನು ನಾನು ನೋಡಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಹುಡುಗಿ ಬರಲಿಲ್ಲ. ಟಿಸಿ ತೆಗೆದುಕೊಂಡು ಹೋಗಿದ್ದಾರೆ ಎಂದು ಶಾಲೆಯ ಕಚೇರಿಯ ಗುಮಾಸ್ತೆ ಹೇಳಿದರು. ಬಸ್ಸಿನ ಹೊಸ ಪಟ್ಟಿ ಬಂತು. ಮಗಳು ಅದನ್ನು ಫ್ರಿಜ್ಜಿನ ಬಾಗಿಲಲ್ಲಿ ಹಳೆಯದರ ಮೇಲೆ ಅಂಟಿಸಿದಳು, ಅಂಚಿಗೆ ಅಂಚು ಸರಿಯಾಗಿ ಕೂರುವಂತೆ.

ಆ ತಿಂಗಳು ಹೆಂಡತಿ ಫೋನಿನಲ್ಲಿ ಒಮ್ಮೆ ಹೇಳಿದಳು: “ಈಗ ನನಗೆ ಯಾವ ರಿಕ್ವೆಸ್ಟೂ ಬರುವುದಿಲ್ಲ.” ದೂರುವ ಧ್ವನಿ ಇರಲಿಲ್ಲ. ವಾರ್ಡಿನಲ್ಲಿ ಒಂದು ಹಾಸಿಗೆ ಖಾಲಿಯಾದದ್ದನ್ನು ಹೇಳುವಂತೆ ಹೇಳಿದಳು.

“ನಾನು ಎಂತ ಮಾಡ್ಬೇಕು ಹೇಳು,” ಎಂದೆ.

“ನೀವು ಮಾಡಿದ್ದು ಸಾಕು.” ಆಮೇಲೆ, “ಡ್ಯೂಟಿಗೆ ಹೊತ್ತಾಯ್ತು,” ಎಂದಳು.

ಫಲಕ ಈಗಲೂ ನನ್ನ ಫೋನಿನಲ್ಲಿದೆ. ಎಲ್ಲ ಬಾಗಿಲುಗಳೂ ಸರಿಯಾಗಿ ಕೆಲಸ ಮಾಡುತ್ತವೆ. ಸಂಜೆ ಏಳಕ್ಕೆ, ನನ್ನ ತಾಯಿ ಮತ್ತು ಮಗಳು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆಗೆ ಕುಳಿತುಕೊಳ್ಳುವ ಹೊತ್ತಿಗೆ, ಆ್ಯಪ್ ತಾನಾಗಿ ಮುಚ್ಚುವಂತೆ ಇಟ್ಟಿದ್ದೆ. ಅದರ ಅಗತ್ಯ ಬೀಳಲಿಲ್ಲ. ಟ್ಯಾಬ್ ಹೆಚ್ಚಿನ ದಿನ ಫ್ರಿಜ್ಜಿನ ಮೇಲೆ ಚಾರ್ಜಿನಲ್ಲಿರುತ್ತದೆ. ಕಚೇರಿಯಿಂದ ನಾನು ಸಂಜೆ ‘ಊಟ ಆಯ್ತಾ?’ ಎಂದು ಬರೆಯುತ್ತಿದ್ದೆ, ಅವಳು ‘ಆಯ್ತು’ ಎಂದು ಬರೆಯುತ್ತಿದ್ದಳು. ಆ್ಯಪ್ ಮುಚ್ಚುವ ಮೊದಲೇ ಊಟ ಆಗುವುದು ಸಾಧ್ಯವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ಚಟುವಟಿಕೆ ತೆರೆದರೆ ಅವೆರಡು ಸಾಲುಗಳು ಗಂಟೆ, ನಿಮಿಷದ ಸಮೇತ ದಾಖಲಾಗಿರುತ್ತಿದ್ದವು.

ತೆಗೆದುಹಾಕಿದ ಸಂಪರ್ಕಗಳಿಗೆ ಒಂದು ಪ್ರತ್ಯೇಕ ಪಟ್ಟಿ ಇರುವುದನ್ನು ನಾನು ನೋಡಿದ್ದು ಈ ವರ್ಷ. ಅದರಲ್ಲಿ ಒಂದೇ ಹೆಸರು, ಪಕ್ಕದಲ್ಲಿ ‘ಮತ್ತೆ ಸೇರಿಸಿ’ ಎಂಬ ಬಟನ್. ಒತ್ತಿದೆ. ‘ಇನ್ನೊಂದು ಕಡೆಯ ಪೋಷಕರ ಒಪ್ಪಿಗೆಗೆ ಕಾಯಲಾಗುತ್ತಿದೆ’ ಎಂದು ಬಂತು. ಮೂರು ವಾರ ಪ್ರತಿ ಬೆಳಿಗ್ಗೆ ನೋಡಿದೆ. ನಾಲ್ಕನೇ ವಾರ ಒಂದು ದಿನ ಮಗಳು ತಿಂಡಿ ತಿನ್ನುತ್ತಿದ್ದಾಗ ಫೋನನ್ನು ಅವಳ ಮುಂದೆ ಹಿಡಿದೆ.

“ಸೇರಿಸಿದ್ದೇನೆ. ಅವರು ಓಕೆ ಮಾಡ್ಬೇಕಷ್ಟೆ.”

ಅವಳು ಓದಿದಳು. ಮಗುವಿಗೆ ಲೆಕ್ಕ ಹೇಳಿಕೊಡುವ ದೊಡ್ಡವರ ತಾಳ್ಮೆ ಅವಳ ಮುಖದಲ್ಲಿತ್ತು.

“ಅದು ಅವಳ ಅಕ್ಕನಿಗೆ ಹೋಗುವುದು ಪಪ್ಪ. ಅಕ್ಕನ ಅಕೌಂಟ್ ಆ ದಿನವೇ ಡಿಲೀಟ್ ಮಾಡಿಸಿದ್ದಾರೆ. ಅವಳು ಪರೀಕ್ಷೆಗೆ ಬಂದಾಗ ಹೇಳಿದ್ಳು.”

“ಹಾಗಾದ್ರೆ ಇದು?”

“ಅದು ಹಾಗೇ ಇರ್ತದೆ.”

ಅವಳು ಎದ್ದು ಕಿಟಕಿಯ ಹತ್ತಿರ ನಿಂತು, ಕಣ್ಣು ಮುಚ್ಚಿಕೊಂಡು ಜಡೆ ಹಾಕಿಕೊಂಡಳು. ಎಂಟೂಕಾಲಕ್ಕೆ ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಬರ್ತೇನೆ ಎಂದು ಅಜ್ಜಿಗೆ ಹೇಳಿ ಇಳಿದು ಹೋದಳು.